ಕಿಲಿಮಂಜಾರೋ ತಪ್ಪಲಿಗೆ ಮೋಟಾರ್ ಸೈಕಲ್ಲಿನಲ್ಲಿ

"ಈ ವಯಸ್ಸಿನಲ್ಲಿ ಕಾರ್ಯದರ್ಶಿಗಳಿಗೆ ಇದೆಲ್ಲ ಬೇಕಿತ್ತೇ?" ಎಂದು ಕಳೆದ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ನನ್ನ ಊದಿದ ಮೊಣಕಾಲನ್ನು ನೋಡಿ ಕೇಳಿದರು. ಪತ್ರಿಕೆಯಲ್ಲೇ ಉತ್ತರ ಬರೆಯುತ್ತೇನೆಂದು ಹೇಳಿ ಅಂದು ತಪ್ಪಿಸಿಕೊಂಡಿದ್ದೆ.

ನಮ್ಮ ಸದಸ್ಯರಲ್ಲಿ ಹಲವರ ಮಕ್ಕಳು ಈಗ ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿಗಳಲ್ಲಿ ನೆಲೆಸಿದ್ದಾರೆ. ನನ್ನ ಮಗನೂ ಜಯನಗರದವನೇ ಆಗಿಬಿಟ್ಟಿದ್ದಾನೆ. ಹೋದ ವರ್ಷ ದೀಪಾವಳಿಗೆ ಬಂದಾಗ, ಕೆಳಗಿನ ನಾಲ್ಕು ಎಕರೆ ಮಾರಿ ಅಲ್ಲೊಂದು ಫ್ಲ್ಯಾಟ್ ಕೊಳ್ಳುವ ಮಾತು ತೆಗೆದ. ನಾನು ಆಗಲಿ ಎನ್ನಲಿಲ್ಲ, ಆಗದು ಎಂದೂ ಹೇಳಲಿಲ್ಲ. ಆಮೇಲೆ ನಮ್ಮಿಬ್ಬರ ಮಾತು ಮಳೆ ಎಷ್ಟು ಇಂಚು, ಧಾರಣೆ ಎಷ್ಟು ಎಂಬಲ್ಲಿಗೇ ನಿಂತಿತು.

ಹೀಗಿರುವಾಗ ಅವನೂ ಬನಶಂಕರಿಯ ಇಬ್ಬರು ಗೆಳೆಯರೂ ಪೂರ್ವ ಆಫ್ರಿಕದಲ್ಲಿ ಮೋಟಾರ್ ಸೈಕಲ್ ಪ್ರವಾಸಕ್ಕೆ ಸಿದ್ಧರಾದರು. "ಅಪ್ಪಯ್ಯ, ಅಲ್ಲಿ ಕಾಫಿ ತೋಟದೊಳಗೇ ದಾರಿ. ನೀವೂ ಬನ್ನಿ" ಎಂದು ಕರೆದ. ಕಾಲೇಜಿನ ದಿನಗಳಿಂದ ಮೈಸೂರಿನಲ್ಲಿ ತಯಾರಾದ ಯೆಜ್ಡಿಯನ್ನು ತೋಟದ ದಾರಿಯಲ್ಲಿ ಓಡಿಸಿದವನು ನಾನು. ಅಡಿಕೆಗೆ ಎರಡನೇ ಸಲ ಬೋರ್ಡೋ ಹೊಡೆಸಿ, ಆಗಸ್ಟ್ ಕೊನೆಯಲ್ಲಿ ಹೊರಟೇಬಿಟ್ಟೆ.

ಹೋಗುವವರಿಗೆ ಉಪಯೋಗವಾಗಲೆಂದು ಎರಡು ಮಾತು. ಆರ್.ಟಿ.ಓ. ಕಚೇರಿಯಿಂದ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಪಡೆಯಬೇಕು. ಹಳದಿ ಜ್ವರದ ಚುಚ್ಚುಮದ್ದನ್ನು ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಂಡು ಪ್ರಮಾಣಪತ್ರ ಇಟ್ಟುಕೊಳ್ಳಬೇಕು. ಅದಿಲ್ಲದೆ ಆ ದೇಶಗಳಿಂದ ಮರಳಿದವರನ್ನು ನಮ್ಮ ವಿಮಾನ ನಿಲ್ದಾಣದಲ್ಲಿ 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಕೆನ್ಯ, ಟಾಂಜೇನಿಯ ಎರಡರಲ್ಲೂ ನಮ್ಮಂತೆ ಎಡಗಡೆಯ ಸಂಚಾರ; ಅಷ್ಟರಮಟ್ಟಿಗೆ ನಿಶ್ಚಿಂತೆ.

ನೈರೋಬಿಯಲ್ಲಿ ನಾಲ್ಕು ಬಾಡಿಗೆ ಬೈಕು ಹಿಡಿದು, ನಮಂಗ ಎಂಬಲ್ಲಿ ಗಡಿ ದಾಟಿ, ಅರುಷಾ ಮಾರ್ಗವಾಗಿ ಮೋಶಿ ಪಟ್ಟಣ ಸೇರಿದೆವು. ಸುಮಾರು 350 ಕಿಲೋಮೀಟರ್; ಎರಡು ದಿನ ತೆಗೆದುಕೊಂಡೆವು. ಬಯಲಿನಲ್ಲಿ ದೂಳು, ದನದ ಮಂದೆ, ಎದುರು ಗಾಳಿ. ಹುಡುಗರು ಮುಂದೆ ಹೋಗಿ ಪ್ರತಿ ತಿರುವಿನಲ್ಲೂ ನನಗಾಗಿ ಕಾಯುತ್ತಿದ್ದರು. ಅಲ್ಲಿಯ ಸ್ವಾಹಿಲಿ ಭಾಷೆಯಲ್ಲಿ ಅಂಗಡಿ ಎಂದರೆ 'ದುಕಾ', ಹಣ ಎಂದರೆ 'ಪೇಸ', ವಾಹನ 'ಗಾರಿ', ಚಹಾ 'ಚಾಯ್'. ಊಟ ತಿಂಡಿಗೆ ಉಪವಾಸ ಬೀಳಲಿಲ್ಲ.

ಮೋಶಿಯಿಂದ ಮಾರಂಗು ಕಡೆಗೆ ಏರುವಾಗ ಬಯಲು ಮಾಯವಾಗಿ ಮಲೆನಾಡೇ ಬಂತು. ಮಳೆ ಹನಿದಿದ್ದ ಕೆಮ್ಮಣ್ಣಿನ ಏರಿನಲ್ಲಿ ನನ್ನ ಬೈಕು ಜಾರಿ ನಾನು ಚರಂಡಿಗೆ ಬಿದ್ದೆ. ಬಾಳೆಗೊನೆ ಹೇರಿಕೊಂಡು ಬರುತ್ತಿದ್ದ 'ಬೋಡಾಬೋಡಾ', ಎಂದರೆ ಬಾಡಿಗೆ ಬೈಕಿನ ಹುಡುಗನೊಬ್ಬ, ಗಾಡಿ ನಿಲ್ಲಿಸಿ ನನ್ನನ್ನು ಎತ್ತಿದ. ಅವನದು ಟಿ.ವಿ.ಎಸ್. ಬೈಕು. ಆ ಕಂಪನಿ ಇರುವುದು ಮಗನ ಮನೆಯಿಂದ ತಾಸೊಪ್ಪತ್ತಿನ ದಾರಿಯ ಹೊಸೂರಿನಲ್ಲಿ! ಹುಡುಗ ನಮ್ಮನ್ನು ತನ್ನ ಅಜ್ಜನ ತೋಟಕ್ಕೇ ಕರೆದೊಯ್ದ.

ಅಜ್ಜನನ್ನು ಕಂಡೊಡನೆ ಅವನು ತಲೆಬಾಗಿ "ಶಿಕಾಮೂ" ಎಂದ. "ನಿಮ್ಮ ಪಾದ ಹಿಡಿಯುತ್ತೇನೆ" ಎಂಬುದು ಆ ಮಾತಿನ ಮೂಲವಂತೆ. ನನ್ನ ಮಗನೂ ಹಾಗೆಯೇ ಹೇಳಿದಾಗ ಅಜ್ಜ "ಮರಹಬಾ" ಎಂದು ನಕ್ಕರು.

ಚಗ್ಗಾ ಜನರ ಆ ತೋಟಕ್ಕೆ 'ಕಿಹಂಬ' ಎನ್ನುತ್ತಾರೆ. ಮೇಲೆ ಸಿಲ್ವರ್ ಮತ್ತಿತರ ನೆರಳಿನ ಮರ, ಅದರ ಕೆಳಗೆ ಬಾಳೆ, ಬಾಳೆಯಡಿ ಅರೇಬಿಕ, ನೆಲದಲ್ಲಿ ಕೆಸುವು. ಕೊಟ್ಟಿಗೆಯ ಗೊಬ್ಬರ ಬಾಳೆಯ ಬುಡಕ್ಕೆ. ಬೆಟ್ಟದ ನೀರು ಕಾಲುವೆಯಲ್ಲಿ ಸರದಿಯಂತೆ. ಅಡಿಕೆಯ ಜಾಗದಲ್ಲಿ ಬಾಳೆ ಇಟ್ಟರೆ ನಮ್ಮದೇ ತೋಟ. ನಾವು ಒಂದೇ ಕಾಂಡ ಬಿಟ್ಟು ತಲೆ ಚಿವುಟಿದರೆ ಅವರು ಎರಡು ಮೂರು ಕಾಂಡ ಎತ್ತರಕ್ಕೆ ಬಿಡುತ್ತಾರೆ.

ಸಹಕಾರದಲ್ಲೂ ಅವರು ಹಿಂದಿಲ್ಲ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಆರಂಭವಾದ 1925ರಲ್ಲೇ ಕಿಲಿಮಂಜಾರೋದ ಸಣ್ಣ ಬೆಳೆಗಾರರು ಸಂಘ ಕಟ್ಟಿದರು. 1933ರಲ್ಲಿ ಅದು ಸಹಕಾರಿ ಯೂನಿಯನ್ ಆಯಿತು. 1976ರಲ್ಲಿ ಸರ್ಕಾರ ಅಂಥ ಯೂನಿಯನ್‌ಗಳನ್ನೆಲ್ಲ ರದ್ದು ಮಾಡಿತು. 1982ರ ಕಾನೂನಿನಿಂದ ಅವು ಮರಳಿ ಬಂದವು. "ಮತ್ತೆ ಕಟ್ಟಿದೆವು. ಆದರೆ ಬಿಟ್ಟುಹೋದ ಮಕ್ಕಳು ಬರಲಿಲ್ಲ" ಎಂದರು ಅಜ್ಜ. ಇಬ್ಬರು ಮಕ್ಕಳು ದಾರ್-ಎಸ್-ಸಲಾಮ್‌ನಲ್ಲಿದ್ದಾರೆ. ಗಿಡಗಳಿಗೂ ವಯಸ್ಸಾಗಿದೆ, ಕಿತ್ತು ಹೊಸದು ನೆಡೋಣವೆಂದರೆ, ಫಸಲು ಬರುವ ಹೊತ್ತಿಗೆ ನೋಡಿಕೊಳ್ಳುವವರು ಯಾರು? ಮೊಮ್ಮಗ ಇದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುವಾಗ ಅವನ ದನಿ ತಗ್ಗಿತು. ನನ್ನ ಮಗ ನೆಲ ನೋಡುತ್ತಿದ್ದ.

ಹೊರಡುವಾಗ ಅಜ್ಜ ಒಂದು ಹಿಡಿ ಪಾರ್ಚ್‌ಮೆಂಟ್ ತಂದು ಮಗನ ಕೈಗಿಟ್ಟರು. "ಅಪ್ಪಯ್ಯ, ಇದನ್ನು ಕೆಳಗಿನ ತಾಕಿನಲ್ಲಿ ಹಾಕಬಹುದೇ?" ಎಂದು ಮಗ ಕೇಳಿದ. ಮಾರಬೇಕೆಂದಿದ್ದ ಅದೇ ತಾಕು! ಆ ಪ್ರಶ್ನೆಗಾಗಿ ಒಂದು ವರ್ಷ ಕಾದಿದ್ದೆ. ಆದರೂ ಬೇಡವೆನ್ನಬೇಕಾಯಿತು.

ಕಾರಣವನ್ನು ಸದಸ್ಯರೆಲ್ಲ ತಿಳಿದಿರಬೇಕು. ಎಳೆಕಾಯಿಗೇ ಕಪ್ಪು ಮಚ್ಚೆ ಬಿದ್ದು ಕೊಳೆಯಿಸುವ ಒಂದು ಶಿಲೀಂಧ್ರ ರೋಗ ಆ ಖಂಡದಲ್ಲಿದೆ. ಕೆನ್ಯದಲ್ಲಿ 1922ರಲ್ಲಿ ಮೊದಲು ಗುರುತಿಸಿದ ಕಾಫಿ ಬೆರಿ ರೋಗ ಅದು. ನಮ್ಮ ಅಡಿಕೆಯ ಕೊಳೆರೋಗದಷ್ಟೇ ನಿರ್ದಯಿ. ಇದುವರೆಗೆ ಅದು ಭಾರತಕ್ಕೆ ಕಾಲಿಟ್ಟಿಲ್ಲ. ಅನುಮತಿಯಿಲ್ಲದೆ ಬೀಜ, ಗಿಡ ತರುವುದು ಕಾನೂನಿನಂತೆಯೂ ಅಪರಾಧ. ಹೊರಡುವ ಮುನ್ನ ನಮ್ಮ ಬೂಟುಗಳನ್ನೂ ತಿಕ್ಕಿ ತೊಳೆದೆವು.

ಅಜ್ಜನಿಗೆ ಬೇಸರವಾಗದಂತೆ ನಾನೊಂದು ಹಳೆಯ ಕಥೆ ಹೇಳಿದೆ. 1911ರ ಸುಮಾರಿಗೆ ಮೈಸೂರು ಸಂಸ್ಥಾನದ ತೋಟವೊಂದರಲ್ಲಿ ಕೆಂಟ್ ಎಂಬವರು ಎಲೆತುಕ್ಕು ತಡೆಯುವ ಗಿಡವೊಂದನ್ನು ಆರಿಸಿದರು. ಆ ಕೆಂಟ್ಸ್ ತಳಿ ನಮ್ಮ ಎಸ್. 795ಕ್ಕೆ ಜನ್ಮ ಕೊಟ್ಟಿತು. ಪೂರ್ವ ಆಫ್ರಿಕಕ್ಕೂ ಹೋಯಿತು. "ಹಾಗಾದರೆ ನಾವು ನೆಂಟರು" ಎಂದು ಅಜ್ಜ ಬೀಜ ವಾಪಸು ಪಡೆದು, ಅಲ್ಲೇ ಹುರಿಸಿ ಪುಡಿ ಮಾಡಿಸಿ ಕೊಟ್ಟರು.

ಜಯನಗರದ ಮನೆಯಲ್ಲಿ ಆ ಪುಡಿಯ ಕಾಫಿ ಕುಡಿಯುತ್ತ ಮಗ, ಕೆಳಗಿನ ತಾಕಿಗೆ ಬಾಳೆಹೊನ್ನೂರಿನ ಬೀಜವೇ ಆಗಬಹುದೇ ಎಂದು ವಿಚಾರಿಸಿದ. ಈ ಸಲ ಕೊಯ್ಲಿಗೆ ಹತ್ತು ದಿನ ರಜೆ ಹಾಕುತ್ತಾನಂತೆ. ಫ್ಲ್ಯಾಟಿನ ಮಾತು ಮುಗಿಯಿತೆಂದು ನಾನು ತಿಳಿದಿಲ್ಲ. ಆದರೆ ಮಾತು ಮತ್ತೆ ಶುರುವಾಗಿದೆ. ಅದಕ್ಕೆ ಒಂದು ಮೊಣಕಾಲು ದುಬಾರಿಯೇನಲ್ಲ.