ವಿಕ್ರಾಂತ್ ಉಕ್ಕು: ಗಟ್ಟಿ ಇದ್ದರೆ ಸಾಲದು, ಬೆಸುಗೆಗೂ ಒಗ್ಗಬೇಕು

2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ಐಎನ್‌ಎಸ್ ವಿಕ್ರಾಂತ್ ನೌಕಾಪಡೆಗೆ ಸೇರಿದಾಗ ನನ್ನ ವಾಟ್ಸಾಪ್ ತುಂಬಾ ಒಂದೇ ಜಗಳ: ಕ್ರೆಡಿಟ್ ಯಾವ ಸರ್ಕಾರಕ್ಕೆ? ಹಡಗನ್ನು ಯಾವುದರಿಂದ ಕಟ್ಟಿದರು ಅಂತ ಮಾತ್ರ ಯಾರೂ ಕೇಳಲಿಲ್ಲ. ನನ್ನ ಮಟ್ಟಿಗೆ ಆ ಹಡಗಿನ ನಿಜವಾದ ಕಥೆ ಅದರ ಉಕ್ಕಿನದು.

ಉಕ್ಕಲ್ಲೇನು ಮಹಾ ಅನ್ನಬೇಡಿ. ಅದಕ್ಕೆ ಬಲ ಕೊಡುವ ಅಗ್ಗದ ದಾರಿ ಕಾರ್ಬನ್ ಹೆಚ್ಚಿಸುವುದು. ಆದರೆ ಕಾರ್ಬನ್ ಹೆಚ್ಚಿದಷ್ಟೂ ವೆಲ್ಡಿಂಗ್ ಕಷ್ಟ. ಬೆಸುಗೆಯ ಪಕ್ಕದ ಲೋಹ ಕೆಂಪಗೆ ಕಾಯುತ್ತದೆ, ಸುತ್ತಲಿನ ತಣ್ಣನೆಯ ದಪ್ಪ ಪ್ಲೇಟು ಆ ಶಾಖ ಹೀರಿ ಸರ್ರನೆ ತಣಿಸುತ್ತದೆ. ಕಮ್ಮಾರ ಕಾದ ಕುಡುಗೋಲನ್ನು ನೀರಿಗೆ ಅದ್ದಿದ ಹಾಗೆ. ಕುಡುಗೋಲಿಗೆ ಆ ಗಡಸುತನ ಬೇಕು, ಹಡಗಿಗೆ ಅದೇ ಶತ್ರು. ಜೊತೆಗೆ ತೇವದಿಂದ ಜಲಜನಕ ಒಳಸೇರಿದರಂತೂ, ವೆಲ್ಡರ್ ಮನೆಗೆ ಹೋದ ಎಷ್ಟೋ ಗಂಟೆಗಳ ಮೇಲೂ ಬಿರುಕು ಬಿಡಬಹುದು.

ಬಿರುಕು ಬಿಟ್ಟರೆ ಏನಾಗುತ್ತೆ? 1943ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಸ್ಕೆನೆಕ್ಟಡಿ ಎಂಬ ಹೊಚ್ಚಹೊಸ ಟ್ಯಾಂಕರ್, ದಕ್ಕೆಯಲ್ಲಿ ಕಟ್ಟಿ ನಿಲ್ಲಿಸಿದ್ದಾಗಲೇ ಇಬ್ಭಾಗವಾಯಿತು. ಬಾಂಬಿಲ್ಲ, ಅಲೆಯಿಲ್ಲ. ಚಳಿಗೆ ಉಕ್ಕು ಪೆಡಸಾಗಿತ್ತು. ರಿವೆಟ್ ಹೊಡೆದ ಹಡಗಿನಲ್ಲಿ ಬಿರುಕು ಪ್ಲೇಟಿನ ಅಂಚಿಗೆ ಬಂದು ನಿಂತರೂ ನಿಂತೀತು. ಬೆಸೆದ ಹಡಗು ಒಂದೇ ತುಂಡು, ಬಿರುಕು ಓಡುತ್ತಲೇ ಹೋಗುತ್ತದೆ.

ವಿಕ್ರಾಂತ್‌ಗೆ ಮೊದಲು ರಷ್ಯಾದ ಉಕ್ಕನ್ನು ನೆಚ್ಚಿಕೊಂಡಿದ್ದರು. ಅದು ಬರಲಿಲ್ಲ. ಆಗ ಹೈದರಾಬಾದಿನ ಡಿಎಂಆರ್‌ಎಲ್, ಅಂದರೆ ರಕ್ಷಣಾ ಇಲಾಖೆಯ ಲೋಹ ಪ್ರಯೋಗಾಲಯ, ಮತ್ತು ಸಾರ್ವಜನಿಕ ವಲಯದ ಸೇಲ್ ಸೇರಿ ಡಿಎಂಆರ್ 249ಎ ಎಂಬ ಉಕ್ಕು ರೂಪಿಸಿದವು. ಕಾರ್ಬನ್ ಇಳಿಸಿ, ಬಲವನ್ನು ಬೇರೆ ಕಡೆಯಿಂದ ತರುವುದು ಇಂಥ ಉಕ್ಕಿನ ಉಪಾಯ. ನಿಯೋಬಿಯಂ, ವನಾಡಿಯಂ ಥರದವನ್ನು ಚಿಟಿಕೆಯಷ್ಟು ಬೆರೆಸಿ, ಹದವಾದ ಶಾಖದಲ್ಲಿ ರೋಲ್ ಮಾಡಿದರೆ ಒಳಗಿನ ಹರಳುಗಳು ಸಣ್ಣದಾಗುತ್ತವೆ. ಹರಳು ಸಣ್ಣದಾದಷ್ಟೂ ಬಲ ಹೆಚ್ಚು, ಪೆಡಸು ಕಡಿಮೆ. ಸಾಮಾನ್ಯವಾಗಿ ಒಂದು ಸಿಕ್ಕರೆ ಇನ್ನೊಂದು ಕೈತಪ್ಪುವ ಲೋಹವಿದ್ಯೆಯಲ್ಲಿ ಇದು ಅಪರೂಪ. ಮೈನಸ್ 60 ಡಿಗ್ರಿ ಚಳಿಯಲ್ಲೂ ಏಟು ತಡೆಯಬೇಕು ಅನ್ನುವುದು ಇದರ ಪರೀಕ್ಷೆ. ವಿಮಾನ ಇಳಿಯುವ ಡೆಕ್ಕಿಗೆ ಇನ್ನೂ ಬಲವಾದ 249ಬಿ ಬೇರೆ ಆಯಿತು. ಇವಕ್ಕೆ ಹೊಂದುವ ವೆಲ್ಡಿಂಗ್ ಸಾಮಗ್ರಿಯನ್ನೂ ಇಲ್ಲೇ ತಯಾರಿಸಬೇಕಾಯಿತು.

ಹಡಗಿನ ಕೀಲ್ ಇಟ್ಟದ್ದು 2009ರಲ್ಲಿ. ಉಕ್ಕಿನ ಕೆಲಸ ಅದಕ್ಕೂ ಹಿಂದಿನದು. ಯಾವ ಸರ್ಕಾರದ ಅವಧಿಗೂ ಹಿಡಿಸದಷ್ಟು ಉದ್ದದ ಕೆಲಸ ಇದು. ಕ್ರೆಡಿಟ್ ಜಗಳ ನನಗೆ ಬಾಲಿಶ ಅನ್ನಿಸುವುದು ಅದಕ್ಕೇ.

ಸುಮಾರು 30,000 ಟನ್ ಉಕ್ಕು ಸೇಲ್‌ನ ಭಿಲಾಯಿ, ಬೊಕಾರೊ, ರೂರ್ಕೆಲಾಗಳಿಂದ ಹೋಯಿತು. ನಮ್ಮ ಭದ್ರಾವತಿಯ ವಿಐಎಸ್‌ಎಲ್ ಕೂಡ ಸೇಲ್‌ನದೇ, ವಿಶೇಷ ಉಕ್ಕಿನ ಕಾರ್ಖಾನೆ. ವಿಕ್ರಾಂತ್‌ನ ಸಂಭ್ರಮ ಮುಗಿದು ಐದು ತಿಂಗಳೂ ಆಗಿರಲಿಲ್ಲ, 2023ರ ಜನವರಿಯಲ್ಲಿ ಸೇಲ್ ಅದನ್ನು ಮುಚ್ಚಲು ತೀರ್ಮಾನಿಸಿತು. ಗುತ್ತಿಗೆ ಕಾರ್ಮಿಕರು ಧರಣಿ ಕೂತರು.