ದೊಡ್ಡ ಗಾಡಿ ಯಾಕೆ ನಡುಗುತ್ತದೆ? ಶಿಕಾರಿಪುರ–ಸೊರಬ ರಸ್ತೆಯಲ್ಲಿ ಒಂದು ತಪಾಸಣೆ

ಶಿಕಾರಿಪುರ ಮತ್ತು ಸೊರಬ ಅಕ್ಕಪಕ್ಕದ ತಾಲೂಕುಗಳು. ಒಂದು ಬಿ.ಎಸ್. ಯಡಿಯೂರಪ್ಪ ಅವರನ್ನು, ಇನ್ನೊಂದು ಎಸ್. ಬಂಗಾರಪ್ಪ ಅವರನ್ನು ಮುಖ್ಯಮಂತ್ರಿ ಮಾಡಿ ಕಳಿಸಿದ ನೆಲ. ಹಾಗಾಗಿ ಇಲ್ಲಿನ ಜನಕ್ಕೆ ಸಾಲುಗಟ್ಟಿ ಹೋಗುವ ಬಿಳಿ ಫಾರ್ಚೂನರ್, ಇನ್ನೋವಾ, ಸ್ಕಾರ್ಪಿಯೋ ಹೊಸದೇನಲ್ಲ. ಅದೇ ಮಾದರಿಯ ಗಾಡಿಗಳು ಸೆಕೆಂಡ್ ಹ್ಯಾಂಡ್ ಆಗಿ ಬಾಡಿಗೆಗೆ ಓಡುತ್ತವೆ, ಮದುವೆಗೆ ಹೋಗುತ್ತವೆ, ರಾತ್ರಿ ಹೊತ್ತು ಪೇಷೆಂಟ್ ಹಾಕಿಕೊಂಡು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೂ ಓಡುತ್ತವೆ. ಶಿಕಾರಿಪುರದ ಮೇಲೆ ಹಾದುಹೋಗುವ ರೈಲು ಮಾರ್ಗ ಇನ್ನೂ ಕಾಮಗಾರಿಯಲ್ಲಿದೆ. ಅಲ್ಲಿವರೆಗೆ ಎಲ್ಲವೂ ರಸ್ತೆ ಮೇಲೆಯೇ.

ಗಾಡಿಯೊಳಗೆ ಯಾರು ಕೂತಿದ್ದಾರೆ ಅನ್ನೋ ಚರ್ಚೆ ಸಾಕಷ್ಟಾಗಿದೆ. ಗಾಡಿ ಯಾಕೆ ಗಡಗಡ ಅಂತಿದೆ ಅನ್ನೋದನ್ನೂ ಸ್ವಲ್ಪ ನೋಡೋಣ. ಯಾಕೆಂದರೆ ಆ ಸದ್ದನ್ನು ಮೊದಲು ಕೇಳಿಸಿಕೊಳ್ಳುವವನು ಡ್ರೈವರ್. "ಅಣ್ಣಾ, ಏನೋ ಸೌಂಡ್ ಬರ್ತಿದೆ" ಅಂದರೆ ಬರುವ ಉತ್ತರ, "ನಿಧಾನ ಓಡಿಸು ಮಾರಾಯ, ಮುಂದಿನ ಸರ್ವಿಸ್‌ಗೆ ನೋಡೋಣ." ಈ ಮುಂದೂಡಿಕೆಯೇ ಅಪಾಯ.

ಮೊದಲ ಪ್ರಶ್ನೆ: ಯಾವುದು ತಿರುಗುತ್ತಿದೆ?

ನಡುಕ ಅಂದರೆ ತಿರುಗುವ ಯಾವುದೋ ಭಾಗ ಸರಿಯಾಗಿ ತಿರುಗುತ್ತಿಲ್ಲ ಎಂದರ್ಥ. ಫಾರ್ಚೂನರ್, ಸ್ಕಾರ್ಪಿಯೋ-ಎನ್, ಇನ್ನೋವಾ ಕ್ರಿಸ್ಟಾ, ಬೊಲೆರೋ ಇವೆಲ್ಲ ಚಾಸಿಸ್ ಮೇಲೆ ಬಾಡಿ ಕೂರಿಸಿದ, ಹಿಂದಿನ ಚಕ್ರಕ್ಕೆ ಉದ್ದದ ಶಾಫ್ಟ್ ಮೂಲಕ ಶಕ್ತಿ ಕಳಿಸುವ ಗಾಡಿಗಳು. ಸಣ್ಣ ಕಾರಿನಲ್ಲಿ ಇಲ್ಲದ ಪ್ರೊಪೆಲ್ಲರ್ ಶಾಫ್ಟ್, ಅದರ ಕ್ರಾಸ್‌ಗಳು, ಹಿಂದಿನ ಕ್ರೌನ್-ಪಿನಿಯನ್ ಇಲ್ಲಿ ಹೆಚ್ಚುವರಿ. ಅಂದರೆ ಸದ್ದು ಮಾಡುವ ಜಾಗಗಳೂ ಹೆಚ್ಚು.

ಲೆಕ್ಕ ಸರಳ. ಇಂಥ ಗಾಡಿಯ ಚಕ್ರದ ಸುತ್ತಳತೆ ಸುಮಾರು 2.4 ಮೀಟರ್. ಗಂಟೆಗೆ 80 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ 9 ಸುತ್ತು ಹಾಕುತ್ತದೆ. ಪ್ರೊಪೆಲ್ಲರ್ ಶಾಫ್ಟ್ ಅದರ ಸುಮಾರು 4 ಪಟ್ಟು, ಅಂದರೆ 36 ಸುತ್ತು. ಸೆಕೆಂಡಿಗೆ 9 ಸಲದ ಅಲುಗಾಟ ಕೈಗೆ, ಸೀಟಿಗೆ ಗೊತ್ತಾಗುತ್ತದೆ. 36 ಸಲದ್ದು 'ಗುಂಯ್' ಅನ್ನೋ ಝೇಂಕಾರದ ಹಾಗೆ ಮೈಗೂ ಕಿವಿಗೂ ಬರುತ್ತದೆ. ಇದು ಮೊದಲ ಸುಳಿವು.

ಎರಡನೆಯ ಸುಳಿವಿಗೆ ಖಾಲಿ, ನೇರ ರಸ್ತೆ ಬೇಕು. ಸದ್ದು ಬರುವ ವೇಗದಲ್ಲಿ ಗಾಡಿ ಹಿಡಿದು, ಅದೇ ವೇಗದಲ್ಲಿ ಒಂದು ಗೇರ್ ಇಳಿಸಿ. ಎಂಜಿನ್ ಜೋರಾಗುತ್ತದೆ, ಚಕ್ರದ ವೇಗ ಹಾಗೇ ಇರುತ್ತದೆ. ಸದ್ದು ಬದಲಾಗದಿದ್ದರೆ ತೊಂದರೆ ಚಕ್ರ, ಶಾಫ್ಟ್, ಆಕ್ಸಲ್ ಕಡೆಯದ್ದು. ಬದಲಾದರೆ ಎಂಜಿನ್ ಕಡೆಯದ್ದು: ಮೌಂಟಿಂಗ್ ರಬ್ಬರ್, ಕ್ಲಚ್, ಸೈಲೆನ್ಸರ್ ಹ್ಯಾಂಗರ್. ನಿಂತಲ್ಲೇ ನ್ಯೂಟ್ರಲ್‌ನಲ್ಲಿ ರೇಸ್ ಮಾಡಿದಾಗಲೂ ಅದೇ ಸದ್ದು ಬಂದರೆ ಅನುಮಾನವೇ ಬೇಡ.

ಕೆಸರಿನಿಂದ ಶುರು ಮಾಡಿ

ಸ್ಟೇರಿಂಗ್ ನಡುಗಿದರೆ ಸಾಮಾನ್ಯವಾಗಿ ಮುಂದಿನ ಚಕ್ರ. ಸೀಟು, ನೆಲ ನಡುಗಿದರೆ ಹಿಂದಿನ ಚಕ್ರ ಅಥವಾ ಶಾಫ್ಟ್. 80ರಿಂದ 100ರ ನಡುವೆ ಮಾತ್ರ ನಡುಗಿ ಆಮೇಲೆ ಕಡಿಮೆಯಾದರೆ ವೀಲ್ ಬ್ಯಾಲೆನ್ಸಿಂಗ್ ತಪ್ಪಿರುವ ಸಾಧ್ಯತೆ ಹೆಚ್ಚು.

ಆದರೆ ದುಡ್ಡು ಕೊಡುವ ಮೊದಲು ರಿಮ್ಮಿನ ಒಳಭಾಗಕ್ಕೆ ಕೈ ಹಾಕಿ ನೋಡಿ. ಮಳೆಗಾಲದಲ್ಲಿ ಗದ್ದೆ ಬದಿ, ತೋಟದ ದಾರಿಯಲ್ಲಿ ಹೋಗಿಬಂದ ಗಾಡಿಗೆ ಅಲ್ಲಿ ಕೆಸರು ಮೆತ್ತಿ ಒಣಗಿರುತ್ತದೆ. ಒಂದೇ ಕಡೆ ಅಂಟಿದ 100 ಗ್ರಾಂ ಕೆಸರು 80 ಕಿ.ಮೀ. ವೇಗದಲ್ಲಿ ಸುಮಾರು 7 ಕೆ.ಜಿ. ತೂಕದಷ್ಟು ಬಲದಿಂದ ಚಕ್ರವನ್ನು ಎಳೆಯುತ್ತದೆ, ಅದೂ ಸೆಕೆಂಡಿಗೆ 9 ದಿಕ್ಕು ಬದಲಿಸಿ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ವಾಟರ್ ಸರ್ವಿಸ್‌ನಲ್ಲಿ ಒಳಗಿನಿಂದ ನೀರು ಹೊಡೆಸಿದರೆ ಎಷ್ಟೋ 'ದೊಡ್ಡ ಕೆಲಸ' ಅಲ್ಲಿಗೇ ಮುಗಿಯುತ್ತದೆ.

ಗೊರಗೊರ ಸದ್ದು: ಟೈರೋ ಬೇರಿಂಗೋ?

ಮೆಕ್ಯಾನಿಕ್‌ಗಳನ್ನೂ ಗೊಂದಲಕ್ಕೆ ಬೀಳಿಸುವ ಜೋಡಿ ಇದು. ಏರಿಳಿತವಾಗಿ ಸವೆದ ಟೈರ್ ಮತ್ತು ಹಾಳಾದ ವೀಲ್ ಬೇರಿಂಗ್ ಎರಡೂ ವೇಗದ ಜೊತೆ ಏರುವ ಗೊರಗೊರ ಸದ್ದು ಕೊಡುತ್ತವೆ.

ವ್ಯತ್ಯಾಸ ಹಿಡಿಯುವುದು ಹೀಗೆ. ಡಾಂಬರಿನಿಂದ ಕಾಂಕ್ರೀಟಿಗೆ ಹೋದಾಗ ಸದ್ದಿನ ಧಾಟಿ ಬದಲಾದರೆ ಟೈರ್. ರಸ್ತೆ ಯಾವುದಾದರೂ ಹಾಗೇ ಇದ್ದು, ತಿರುವಿನಲ್ಲಿ ಹೆಚ್ಚು ಕಡಿಮೆ ಆದರೆ ಬೇರಿಂಗ್. ಬಲಕ್ಕೆ ತಿರುಗಿದಾಗ ಗಾಡಿಯ ಭಾರ ಎಡಕ್ಕೆ ವಾಲುತ್ತದೆ. ಆಗ ಸದ್ದು ಜೋರಾದರೆ ಎಡಗಡೆಯ ಬೇರಿಂಗ್ ಮೇಲೆ ಅನುಮಾನ. ಜ್ಯಾಕ್ ಹಾಕಿ, ಸ್ಟ್ಯಾಂಡ್ ಕೊಟ್ಟು, ಚಕ್ರದ ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದರೆ ಆಟ ಗೊತ್ತಾಗುತ್ತದೆ. ಕೈಯಲ್ಲೇ ತಿರುಗಿಸುತ್ತಾ ಇನ್ನೊಂದು ಕೈಯನ್ನು ಸ್ಪ್ರಿಂಗ್ ಮೇಲಿಟ್ಟರೆ ಒಳಗಿನ ಒರಟುತನ ಬೆರಳಿಗೆ ತಿಳಿಯುತ್ತದೆ. ಟೈರ್ ಅನುಮಾನವಿದ್ದರೆ ಮುಂದಿನದ್ದನ್ನು ಹಿಂದಕ್ಕೆ ಹಾಕಿ. ಸದ್ದೂ ಹಿಂದಕ್ಕೆ ಹೋದರೆ ಉತ್ತರ ಸಿಕ್ಕಿತು.

ಉಳಿದವು ಚುಟುಕಾಗಿ. ಗಾಡಿ ಎಳೆಯುವಾಗ, ರಿವರ್ಸ್ ಹಾಕುವಾಗ 'ಟಕ್' ಅಂದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ನೋಡಿಸಿ. ಆಕ್ಸಿಲೇಟರ್ ಒತ್ತಿದಾಗ ಒಂದು ರಾಗ, ಬಿಟ್ಟಾಗ ಇನ್ನೊಂದು ರಾಗ ಬಂದರೆ ಕ್ರೌನ್-ಪಿನಿಯನ್, ಅದರ ಬೇರಿಂಗ್, ಹೌಸಿಂಗ್ ಆಯಿಲ್ ಮಟ್ಟ. ಬ್ರೇಕ್ ಹಿಡಿದಾಗ ಮಾತ್ರ ನಡುಗಿದರೆ ಡಿಸ್ಕ್.

ಮೂರು ಸಂದರ್ಭದಲ್ಲಿ ಮಾತ್ರ ಕಾಯಬಾರದು. ಪಂಚರ್ ಹಾಕಿಸಿದ ಮೇಲೆ ದಿಢೀರ್ ನಡುಕ ಬಂದರೆ ತಕ್ಷಣ ಬದಿಗೆ ನಿಲ್ಲಿಸಿ ವೀಲ್ ನಟ್ ನೋಡಿ. ಟೈರಿನ ಪಕ್ಕ ಉಬ್ಬಿದ್ದರೆ ಸ್ಟೆಪ್ನಿ ಹಾಕಿ. ಬೇರಿಂಗ್ ಆಟ ಕೊಡುತ್ತಿದ್ದರೆ ಗಾಡಿ ಓಡಿಸಬೇಡಿ, ಚಕ್ರವೇ ಕಳಚುವ ಹಂತಕ್ಕೆ ಹೋಗಬಹುದು.

ಬಿಲ್ ಯಾರದ್ದು?

ಈಗ ರಾಜಕೀಯಕ್ಕೆ ಬರೋಣ. ಕರ್ನಾಟಕದಲ್ಲಿ 20 ಲಕ್ಷ ರೂಪಾಯಿ ಮೀರಿದ ಕಾರಿಗೆ ಜೀವಾವಧಿ ತೆರಿಗೆಯೇ ಶೇ. 18. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಎಸ್‌ಯುವಿ ಮೇಲೆ ಶೇ. 40 ಜಿಎಸ್‌ಟಿ. ಇಷ್ಟು ಕಟ್ಟಿದ ಗಾಡಿಯ ಬೇರಿಂಗು, ಟೈರುಗಳನ್ನು ಕೊಲ್ಲುವುದು ಗುಂಡಿ ಮತ್ತು ಹಂಪ್‌ಗಳು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡದ ಪ್ರಕಾರ 25 ಕಿ.ಮೀ. ವೇಗದಲ್ಲಿ ದಾಟುವ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ನಿಮ್ಮೂರ ಹಂಪ್ ಮೇಲೆ ಒಂದು ಟೇಪ್ ಹಿಡಿದು ನೋಡಿ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 198ಎ ಕಲಂ, ರಸ್ತೆಯ ವಿನ್ಯಾಸ, ನಿರ್ವಹಣೆಯ ಮಾನದಂಡ ಪಾಲಿಸದ ಅಧಿಕಾರಿ, ಗುತ್ತಿಗೆದಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ಹೇಳುತ್ತದೆ. ಆದರೆ ಅದರಿಂದ ಸಾವು ಅಥವಾ ಅಂಗವೈಕಲ್ಯ ಆದರೆ ಮಾತ್ರ. ನಿಮ್ಮ ಬೇರಿಂಗ್ ಸತ್ತರೆ ಅದಕ್ಕೆ ಸಂಬಂಧವಿಲ್ಲ.

ಗಾಡಿಯ ವಿಷಯದಲ್ಲಿ ಅದೇ ಕಾಯ್ದೆ ಬಿಗಿ. 190ನೇ ಕಲಂ ಪ್ರಕಾರ, ಗೊತ್ತಿರುವ ಅಥವಾ ಸಾಮಾನ್ಯ ಎಚ್ಚರದಿಂದ ಗೊತ್ತಾಗಬಹುದಾದ ಅಪಾಯಕಾರಿ ದೋಷವಿದ್ದ ಗಾಡಿ ಓಡಿಸುವವನಿಗೆ ದಂಡ, ಅಪಘಾತವಾದರೆ ಜೈಲು ಕೂಡ. ಓಡಿಸುವವನಿಗೆ ಮಾತ್ರವಲ್ಲ, ಓಡಿಸಲು ಬಿಡುವವನಿಗೂ. "ನಿಧಾನ ಓಡಿಸು ಮಾರಾಯ" ಅನ್ನುವ ಮಾಲೀಕರು ಈ ಸಾಲನ್ನು ಎರಡು ಸಲ ಓದಬೇಕು.

ಡ್ರೈವರ್‌ಗಳಿಗೆ ಒಂದು ಮಾತು. ಸದ್ದು ಕೇಳಿದ ದಿನವೇ ಬರೆದಿಡಿ: ಯಾವ ವೇಗ, ಯಾವ ಗೇರ್, ಯಾವ ತಿರುವು, ಬ್ರೇಕ್ ಹಿಡಿದಿದ್ದಿರೋ ಇಲ್ಲವೋ. ಅದನ್ನೇ ಮಾಲೀಕರಿಗೆ ವಾಟ್ಸಾಪ್ ಮಾಡಿ. ಗ್ಯಾರೇಜಿನಲ್ಲಿ ಬೇಡದ ಸಾಮಾನು ಬದಲಾಗೋದು ತಪ್ಪುತ್ತದೆ. ನಾಳೆ ಏನಾದರೂ ಆದರೆ, ಹೇಳಿದ್ದೆ ಅನ್ನೋದಕ್ಕೆ ದಾಖಲೆಯೂ ಇರುತ್ತದೆ.