ತಲೆಮರೆಸಿಕೊಂಡವನ ಸುತ್ತ ವದಂತಿಗಳ ಹುತ್ತ

ಚಾಮರಾಜನಗರ: ಕೊಲೆ ಆರೋಪ ಹೊತ್ತ ವ್ಯಕ್ತಿಯೊಬ್ಬ ಪೊಲೀಸರ ಕೈಗೆ ಸಿಗದೆ ತಲೆಮರೆಸಿಕೊಂಡರೆ ಅವನಿಗಿಂತ ಮೊದಲು ಊರೂರು ಸುತ್ತುವುದು ಅವನ ಕುರಿತ ಸುದ್ದಿ. ಅಲ್ಲಿ ಕಂಡನಂತೆ, ಇಲ್ಲಿ ಉಂಡನಂತೆ, ಶರಣಾಗುತ್ತಾನಂತೆ, ಸತ್ತೇ ಹೋದನಂತೆ ಎಂಬ ‘ಅಂತೆ’ಗಳಿಗೆ ಕೊನೆಯಿರುವುದಿಲ್ಲ. ಇಂದು ಇಂಥ ಊಹಾಪೋಹ ಕ್ಷಣಮಾತ್ರದಲ್ಲಿ ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡುತ್ತದೆ. ಆದರೆ ಈ ಗಡಿ ಜಿಲ್ಲೆಯ ಜನರಿಗೆ ಇದು ಹೊಸ ಅನುಭವವಲ್ಲ. ಮೊಬೈಲ್ ಬರುವುದಕ್ಕೂ ಮುನ್ನ, ಸುಮಾರು ಎರಡು ದಶಕಗಳ ಕಾಲ, ಕಾಡುಗಳ್ಳ ವೀರಪ್ಪನ್‌ನ ಸುತ್ತ ಹುಟ್ಟಿಕೊಂಡ ವದಂತಿಗಳ ನಡುವೆಯೇ ಚಾಮರಾಜನಗರ, ಕೊಳ್ಳೇಗಾಲ ಮತ್ತು ಗುಂಡ್ಲುಪೇಟೆ ಸೀಮೆಯ ಜನ ಬದುಕಿದ್ದರು. ಆ ವದಂತಿಗಳು ಏಕೆ ಹುಟ್ಟಿದವು, ಅವುಗಳಿಂದ ಯಾರಿಗೆ ಲಾಭವಾಯಿತು, ಯಾರು ಬೆಲೆ ತೆತ್ತರು ಎಂಬುದನ್ನು ಅರಿಯುವುದು ಇಂದಿಗೂ ಪ್ರಸ್ತುತ.

ಮೂರು ರಾಜ್ಯಗಳ ಕಾಡು

ಜಿಲ್ಲೆಯ ಭೂಪಟವನ್ನು ನೋಡಿದರೆ ಮೊದಲ ಕಾರಣ ತಿಳಿಯುತ್ತದೆ. ಪಶ್ಚಿಮದಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬಂಡೀಪುರ, ನಡುವೆ ಬಿಳಿಗಿರಿರಂಗನ ಬೆಟ್ಟ, ಪೂರ್ವದಲ್ಲಿ ಮಲೆ ಮಹದೇಶ್ವರ ಬೆಟ್ಟ ಹಾಗೂ ಕಾವೇರಿ ಕಣಿವೆ. ಗಡಿಯಾಚೆಗೆ ತಮಿಳುನಾಡಿನ ಸತ್ಯಮಂಗಲ, ನೀಲಗಿರಿ ಮತ್ತು ಕೇರಳದ ವಯನಾಡು. ಕಾಡಿಗೆ ರಾಜ್ಯಗಳ ಗಡಿಯಿಲ್ಲ, ಪೊಲೀಸ್ ಠಾಣೆಗಳಿಗಿದೆ. ಒಂದು ರಾಜ್ಯದ ಪಡೆ ಬೆನ್ನಟ್ಟಿದಾಗ ಇನ್ನೊಂದು ರಾಜ್ಯದ ಕಾಡಿಗೆ ದಾಟುವುದು ವೀರಪ್ಪನ್‌ಗೆ ಕಷ್ಟವಾಗಿರಲಿಲ್ಲ. ಈತ ಹುಟ್ಟಿದ್ದೂ ಗಡಿಯಂಚಿನ ಊರಾದ, ಇಂದಿನ ಹನೂರು ತಾಲ್ಲೂಕಿನ ಗೋಪಿನಾಥಂನಲ್ಲಿ.

ಎರಡನೆಯ ಕಾರಣ ಮಾಹಿತಿಯ ಕೊರತೆ. ಅಧಿಕಾರಿಗಳು ಕಾರ್ಯಾಚರಣೆಯ ಗುಟ್ಟು ಬಿಟ್ಟುಕೊಡುವಂತಿರಲಿಲ್ಲ. ಕಾಡಂಚಿನ ಜನ ಕಂಡಿದ್ದನ್ನು ಹೇಳುವ ಧೈರ್ಯ ಮಾಡುತ್ತಿರಲಿಲ್ಲ. ಇವೆರಡರ ನಡುವಿನ ಖಾಲಿ ಜಾಗವನ್ನು ಊಹೆ ತುಂಬಿತು. 1986ರಲ್ಲಿ ಸೆರೆ ಸಿಕ್ಕಿದ್ದ ವೀರಪ್ಪನ್ ಚಾಮರಾಜನಗರ ಸಮೀಪದ ಬೂದಿಪಡಗ ಅರಣ್ಯ ವಿಶ್ರಾಂತಿ ಗೃಹದಿಂದ ತಪ್ಪಿಸಿಕೊಂಡ. ಹೇಗೆ ತಪ್ಪಿಸಿಕೊಂಡ ಎಂಬುದಕ್ಕೆ ಅಂದಿನಿಂದಲೂ ಒಂದಕ್ಕಿಂತ ಹೆಚ್ಚು ಕಥೆಗಳಿವೆ. ಅವನ ಸುತ್ತಲಿನ ದಂತಕಥೆ ಬೆಳೆಯತೊಡಗಿದ್ದು ಅಲ್ಲಿಂದಲೇ ಎನ್ನಬಹುದು.

ಸುಳ್ಳು ಸುದ್ದಿಯೇ ಬಲೆ

ಸುದ್ದಿಯನ್ನು ಆಯುಧವನ್ನಾಗಿ ಬಳಸುವುದರಲ್ಲಿ ವೀರಪ್ಪನ್ ನಿಸ್ಸೀಮನಾಗಿದ್ದ. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಗೋಪಿನಾಥಂ ಗ್ರಾಮದಲ್ಲಿ ನೆಲೆಸಿ, ಗ್ರಾಮಸ್ಥರ ವಿಶ್ವಾಸ ಗಳಿಸಿ, ಮನಃಪರಿವರ್ತನೆಯ ಮೂಲಕ ತಂಡವನ್ನು ಶರಣಾಗಿಸಬಹುದೆಂದು ನಂಬಿದ್ದರು. ವೀರಪ್ಪನ್ ಶರಣಾಗಲು ಸಿದ್ಧನಿದ್ದಾನೆಂಬ ಸಂದೇಶ ಅವರಿಗೆ ತಲುಪಿತು. ಅದನ್ನು ನಂಬಿ ಆಯುಧವಿಲ್ಲದೆ ಕಾಡಿಗೆ ಹೋದ ಅವರನ್ನು 1991ರ ನವೆಂಬರ್ 10ರಂದು ಹತ್ಯೆ ಮಾಡಲಾಯಿತು. ಅವರಿಗೆ ಮರಣೋತ್ತರವಾಗಿ ಕೀರ್ತಿಚಕ್ರ ಸಂದಿತು.

ವರ್ಷ ತುಂಬುವ ಮೊದಲೇ ಅದೇ ತಂತ್ರ ಮರುಕಳಿಸಿತು. 1992ರ ಆಗಸ್ಟ್ 14ರಂದು ಎಸ್‌ಪಿ ಹರಿಕೃಷ್ಣ ಮತ್ತು ಸಬ್‌ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಅವರ ತಂಡ ಆನೆ ದಂತದ ವ್ಯಾಪಾರಿಗಳ ಸೋಗಿನಲ್ಲಿ ಮೀಣ್ಯಂ ಬಳಿಯ ಕಾಡಿನತ್ತ ಸಾಗಿತ್ತು. ಅವರಿಗೆ ದಾರಿ ತೋರಿದ ಮಾಹಿತಿಯೇ ಬಲೆಯಾಗಿತ್ತು. ಹೊಂಚು ಹಾಕಿ ನಡೆಸಿದ ಗುಂಡಿನ ದಾಳಿಯಲ್ಲಿ ಇಬ್ಬರೂ ಅಧಿಕಾರಿಗಳು ಸಿಬ್ಬಂದಿಯೊಂದಿಗೆ ಪ್ರಾಣ ತೆತ್ತರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನಡೆದ ನೆಲಬಾಂಬ್ ಸ್ಫೋಟದಲ್ಲಿ ಸತ್ತವರು 22 ಮಂದಿ. ಇವರಲ್ಲಿ ಪೊಲೀಸರಷ್ಟೇ ಅಲ್ಲದೆ ಅವರಿಗೆ ಮಾಹಿತಿ ನೀಡುತ್ತಿದ್ದವರೂ ಇದ್ದರು.

ಬಂಡೀಪುರದ ಘಟನೆಯದು ಇನ್ನೊಂದು ಬಗೆ. 1997ರ ಅಕ್ಟೋಬರ್‌ನಲ್ಲಿ ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ ಮತ್ತು ಸೇನಾನಿ ಅವರನ್ನು ವೀರಪ್ಪನ್ ತಂಡ ಅಲ್ಲಿಂದ ಅಪಹರಿಸಿ 14 ದಿನ ಕಾಡಿನಲ್ಲಿ ಇರಿಸಿಕೊಂಡಿತು. ಇವರು ಸರ್ಕಾರದ ಮೇಲಧಿಕಾರಿಗಳೆಂದು ತಂಡ ತಪ್ಪಾಗಿ ತಿಳಿದಿತ್ತು. ತಪ್ಪು ಮಾಹಿತಿಗೆ ಕಾಡಿನ ಹೊರಗಿದ್ದವರಷ್ಟೇ ಅಲ್ಲ, ಒಳಗಿದ್ದವರೂ ಬೀಳುತ್ತಿದ್ದರೆಂಬುದಕ್ಕೆ ಇದು ನಿದರ್ಶನ.

ಕಾಮಗೆರೆಯ ಮೂರೂವರೆ ತಿಂಗಳು

ಊಹಾಪೋಹ ಪರಾಕಾಷ್ಠೆ ಮುಟ್ಟಿದ್ದು ಎರಡು ಅಪಹರಣಗಳ ಸಂದರ್ಭದಲ್ಲಿ. 2000ದ ಜುಲೈ 30ರ ರಾತ್ರಿ ವರನಟ ಡಾ. ರಾಜ್‌ಕುಮಾರ್ ಅವರನ್ನು ತಾಳವಾಡಿ ಸಮೀಪದ ಗಾಜನೂರಿನಿಂದ ಅಪಹರಿಸಲಾಯಿತು. ಅವರು ಬಿಡುಗಡೆಯಾಗಿ ಬರುವವರೆಗಿನ 108 ದಿನ ನಾಡು ಸುದ್ದಿಗಾಗಿ ಬಾಯಾರಿತ್ತು. ‘ನಕ್ಕೀರನ್’ ಪತ್ರಿಕೆಯ ಸಂಪಾದಕ ಗೋಪಾಲ್ ತರುತ್ತಿದ್ದ ಕ್ಯಾಸೆಟ್ಟುಗಳಲ್ಲಿ ಏನಿದೆ, ಏನಿಲ್ಲ ಎಂಬುದೇ ಅಂದಿನ ಚರ್ಚೆಯಾಗಿತ್ತು. ಹಣ ಕೊಡಲಾಯಿತೇ, ಎಷ್ಟು ಕೊಡಲಾಯಿತು ಎಂಬ ಊಹೆಗಳು ಇಂದಿಗೂ ನಿಂತಿಲ್ಲ. ಈ ಪ್ರಕರಣದಲ್ಲಿ ವಿಚಾರಣೆ ಎದುರಿಸಿದ ಒಂಬತ್ತು ಆರೋಪಿಗಳನ್ನು ತಮಿಳುನಾಡಿನ ಗೋಬಿಚೆಟ್ಟಿಪಾಳಯಂ ನ್ಯಾಯಾಲಯ 2018ರ ಸೆಪ್ಟೆಂಬರ್‌ನಲ್ಲಿ ಖುಲಾಸೆಗೊಳಿಸಿತು.

ಎರಡು ವರ್ಷಗಳ ಬಳಿಕ ಸರದಿ ಮಾಜಿ ಸಚಿವ ಎಚ್. ನಾಗಪ್ಪ ಅವರದಾಯಿತು. 2002ರ ಆಗಸ್ಟ್ 25ರ ರಾತ್ರಿ ಕಾಮಗೆರೆಯ ಅವರ ಮನೆಯಿಂದಲೇ ಅವರನ್ನು ಹೊತ್ತೊಯ್ಯಲಾಯಿತು. ಸಂಧಾನಕ್ಕೆ ಕೊಳತ್ತೂರು ಮಣಿ ಅವರನ್ನು ಕಳುಹಿಸಬೇಕೆಂಬ ಬೇಡಿಕೆ ಬಂತು. ಬಿಡುಗಡೆ ಇಂದು, ನಾಳೆ ಎಂಬ ನಿರೀಕ್ಷೆಯಲ್ಲೇ ಕುಟುಂಬ ಮೂರೂವರೆ ತಿಂಗಳು ಕಳೆಯಿತು. ಕೊನೆಗೆ ಡಿಸೆಂಬರ್ 8ರಂದು ಚಂಗಡಿ ಅರಣ್ಯದಲ್ಲಿ ಅವರ ಶವ ಪತ್ತೆಯಾಯಿತು.

ಶವ ಸಿಕ್ಕರೂ ಪ್ರಶ್ನೆ ಮುಗಿಯಲಿಲ್ಲ. ನಾಗಪ್ಪ ಅವರು ತಮಿಳುನಾಡು ವಿಶೇಷ ಕಾರ್ಯಪಡೆಯ ಗುಂಡಿಗೆ ಬಲಿಯಾದರೆಂದು ವೀರಪ್ಪನ್ ಕಡೆಯ ಕ್ಯಾಸೆಟ್ಟು ಹೇಳಿತು. ತಮಿಳುನಾಡು ಅದನ್ನು ನಿರಾಕರಿಸಿತು. ಜನ ತಮಗೆ ಒಪ್ಪಿತವಾದ ಕಥೆಯನ್ನು ನಂಬಿದರು. ಆದರೆ ಕೊಲೆ ಪ್ರಕರಣದಲ್ಲಿ ಸತ್ಯವನ್ನು ನಿರ್ಧರಿಸಬೇಕಾದುದು ನಂಬಿಕೆಯಲ್ಲ, ಸಾಕ್ಷ್ಯ. ಮುಖ್ಯ ಆರೋಪಿ ಕಟಕಟೆಯಲ್ಲಿ ನಿಂತು, ಪಾಟೀಸವಾಲಿಗೆ ಒಳಪಟ್ಟು, ಉತ್ತರಿಸುವ ದಿನ ಬರಲೇ ಇಲ್ಲ.

ಬೆಲೆ ತೆತ್ತವರು ಹಳ್ಳಿಗರು

ವದಂತಿ ಎಂದರೆ ಪೇಟೆಯ ಓದುಗರಿಗೆ ಕಾಫಿಯೊಂದಿಗಿನ ಮಾತು. ಕಾಡಂಚಿನ ಹಳ್ಳಿಗರ ಪಾಲಿಗೆ ಅದು ಜೀವನ್ಮರಣದ ಪ್ರಶ್ನೆಯಾಗಿತ್ತು. ಪೊಲೀಸರಿಗೆ ಸುಳಿವು ಕೊಟ್ಟರೆಂಬ ಅನುಮಾನ ಬಂದರೆ ವೀರಪ್ಪನ್ ತಂಡ ಬಿಡುತ್ತಿರಲಿಲ್ಲ. ಹಾಗೆ ಕೊಲೆಯಾದ ಗ್ರಾಮಸ್ಥರು ಹಲವರು. ತಂಡಕ್ಕೆ ಅಕ್ಕಿ, ರಾಗಿ ಕೊಟ್ಟರೆಂಬ ಅನುಮಾನ ಬಂದರೆ ಕಾರ್ಯಪಡೆ ಎಳೆದೊಯ್ಯುತ್ತಿತ್ತು. ಎರಡೂ ಕಡೆ ಸಾಕ್ಷ್ಯಕ್ಕಿಂತ ಅನುಮಾನವೇ ದೊಡ್ಡದಾಗಿತ್ತು.

ಕಾರ್ಯಪಡೆಯ ದೌರ್ಜನ್ಯದ ದೂರುಗಳ ತನಿಖೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಮತ್ತು ಸಿಬಿಐ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಅವರ ಸಮಿತಿ ರಚಿಸಿತು. ಸಮಿತಿಯ ವರದಿ ಆಧರಿಸಿ 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ನೀಡುವಂತೆ ಆಯೋಗ ಸೂಚಿಸಿತು. ಟಾಡಾ ಕಾಯ್ದೆಯಡಿ ಬಂಧಿತರಾದ ನೂರಕ್ಕೂ ಹೆಚ್ಚು ಮಂದಿಯಲ್ಲಿ ಬಹುಪಾಲು ಜನರನ್ನು ಮೈಸೂರಿನ ವಿಶೇಷ ನ್ಯಾಯಾಲಯ 2001ರಲ್ಲಿ ಖುಲಾಸೆಗೊಳಿಸಿತು. ಅಷ್ಟರಲ್ಲಿ ಅವರಲ್ಲಿ ಅನೇಕರ ಬಾಳಿನ ಹಲವು ವರ್ಷಗಳು ಸೆರೆಮನೆಯಲ್ಲಿ ಸವೆದಿದ್ದವು. ಶಿಕ್ಷೆಗೊಳಗಾದವರ ಪೈಕಿ ನಾಲ್ವರಿಗೆ ಸುಪ್ರೀಂ ಕೋರ್ಟ್ 2004ರ ಜನವರಿಯಲ್ಲಿ ಮರಣದಂಡನೆ ವಿಧಿಸಿತು; 2014ರ ಜನವರಿಯಲ್ಲಿ ಅದನ್ನು ಜೀವಾವಧಿಗೆ ಇಳಿಸಿತು.

ಅಂತ್ಯದ ನಂತರವೂ ಗುಲ್ಲು

2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಜಿಲ್ಲೆಯ ಪಾಪಾರಪಟ್ಟಿ ಬಳಿ ವೀರಪ್ಪನ್ ಹಾಗೂ ಮೂವರು ಸಹಚರರು ತಮಿಳುನಾಡು ಕಾರ್ಯಪಡೆಯ ಗುಂಡಿಗೆ ಬಲಿಯಾದರು. ಕೆ. ವಿಜಯಕುಮಾರ್ ನೇತೃತ್ವದ ಈ ಕಾರ್ಯಾಚರಣೆಯ ಹೂರಣವೂ ಒಂದು ಸುಳ್ಳೇ. ಕಣ್ಣಿನ ತೊಂದರೆಯಿಂದ ಬಳಲುತ್ತಿದ್ದ ವೀರಪ್ಪನ್‌ನನ್ನು ಚಿಕಿತ್ಸೆಗೆ ಕರೆದೊಯ್ಯುವ ನೆಪದಲ್ಲಿ ಆಂಬುಲೆನ್ಸ್ ಒಂದಕ್ಕೆ ಹತ್ತಿಸಲಾಗಿತ್ತು. ಅದು ಪೊಲೀಸರದೇ ವಾಹನವಾಗಿತ್ತು. ಸುಳ್ಳು ಸಂದೇಶ ಕಳುಹಿಸಿ ಅಧಿಕಾರಿಗಳನ್ನು ಕಾಡಿಗೆ ಕರೆಸಿಕೊಂಡಿದ್ದವನು ಅದೇ ಬಗೆಯ ಸಂದೇಶ ನಂಬಿ ಕಾಡಿನಿಂದ ಹೊರಬಂದಿದ್ದ.

ಶವದ ಚಿತ್ರ ಪ್ರಕಟವಾದಾಗ ಜನ ಮೊದಲು ಹುಡುಕಿದ್ದು ಮೀಸೆಯನ್ನು. ಪತ್ರಿಕೆಗಳಲ್ಲಿ ವರ್ಷಗಟ್ಟಲೆ ಕಂಡಿದ್ದ ಗಿರಿಜಾ ಮೀಸೆ ಅಲ್ಲಿರಲಿಲ್ಲ. ಕತ್ತರಿಸಿದ ಸಣ್ಣ ಮೀಸೆಯಷ್ಟೇ ಇತ್ತು. ‘ಇವನು ಅವನಲ್ಲ’ ಎಂಬ ಅನುಮಾನಕ್ಕೆ ಇಷ್ಟು ಸಾಕಾಯಿತು. ಆದರೆ ಕುಟುಂಬದವರೇ ಶವವನ್ನು ಪಡೆದು ಮೆಟ್ಟೂರು ಸಮೀಪದ ಮೂಲಕ್ಕಾಡಿನಲ್ಲಿ ಮಣ್ಣು ಮಾಡಿದರು. ಆತನನ್ನು ಮೊದಲೇ ಹಿಡಿದು ಕೊಲ್ಲಲಾಗಿತ್ತೆಂಬ ಆರೋಪವೂ ಕೇಳಿಬಂತು. ಪೊಲೀಸರು ಅದನ್ನು ಅಲ್ಲಗಳೆದರು. ವಿಜಯಕುಮಾರ್ 2017ರಲ್ಲಿ ತಮ್ಮ ಪುಸ್ತಕದಲ್ಲಿ ಕಾರ್ಯಾಚರಣೆಯ ವಿವರ ದಾಖಲಿಸಿದರು. ಕಾಡಿನಲ್ಲಿ ಹೂತಿಟ್ಟ ಹಣದ ಕಥೆಗಳು ಮಾತ್ರ ಇನ್ನೂ ಉಳಿದಿವೆ.

ಕಾನೂನು ಹೇಳುವುದೇನು?

ಆರೋಪಿ ತಲೆಮರೆಸಿಕೊಂಡರೆ ಪ್ರಕರಣ ನಿಂತುಹೋಗುತ್ತದೆ, ಏಳು ವರ್ಷ ಕಳೆದರೆ ಮುಗಿದೇಹೋಗುತ್ತದೆ ಎಂಬ ತಪ್ಪು ಕಲ್ಪನೆ ವ್ಯಾಪಕವಾಗಿದೆ. ಏಳು ವರ್ಷ ಸುಳಿವಿಲ್ಲದವರನ್ನು ಮೃತರೆಂದು ಭಾವಿಸಬಹುದೆಂಬ ನಿಯಮ ಸಾಕ್ಷ್ಯ ಕಾಯ್ದೆಯಲ್ಲಿ ಇರುವುದು ನಿಜ. ಆದರೆ ಅದು ಸಾಮಾನ್ಯವಾಗಿ ಆಸ್ತಿ, ಉತ್ತರಾಧಿಕಾರದಂತಹ ವಿಷಯಗಳಲ್ಲಿ ಬಳಕೆಗೆ ಬರುವಂಥದ್ದು. ಅದರಿಂದ ಕೊಲೆ ಆರೋಪ ತಾನಾಗಿಯೇ ಅಳಿಸಿಹೋಗುವುದಿಲ್ಲ. ಕೊಲೆ ಪ್ರಕರಣಕ್ಕೆ ಕಾಲಮಿತಿಯೂ ಇಲ್ಲ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ವಾರಂಟ್‌ಗೆ ಸಿಗದೆ ತಲೆಮರೆಸಿಕೊಂಡವನು ಹಾಜರಾಗಬೇಕೆಂದು ನ್ಯಾಯಾಲಯ ಕನಿಷ್ಠ 30 ದಿನಗಳ ಗಡುವು ನೀಡಿ ಪ್ರಕಟಣೆ ಹೊರಡಿಸುತ್ತದೆ. ಆತನ ಆಸ್ತಿಯನ್ನು ಜಪ್ತಿ ಮಾಡಬಹುದು. ಗಂಭೀರ ಅಪರಾಧಗಳಲ್ಲಿ ಗಡುವು ಮೀರಿದವನನ್ನು ‘ಘೋಷಿತ ಅಪರಾಧಿ’ ಎಂದು ಸಾರಲಾಗುತ್ತದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಆರೋಪಿಯ ಗೈರುಹಾಜರಿಯಲ್ಲಿ ಸಾಕ್ಷಿಗಳ ಹೇಳಿಕೆ ದಾಖಲಿಸಿಡಲು ಮಾತ್ರ ಅವಕಾಶವಿತ್ತು. ಹೊಸ ಸಂಹಿತೆಯ 356ನೇ ಕಲಮು ಇನ್ನೂ ಮುಂದೆ ಹೋಗಿ, ಆರೋಪ ನಿಗದಿಯಾಗಿ 90 ದಿನ ಕಳೆದ ಮೇಲೆ, ನಿಗದಿತ ಷರತ್ತುಗಳಿಗೆ ಒಳಪಟ್ಟು, ಘೋಷಿತ ಅಪರಾಧಿಯ ಗೈರಿನಲ್ಲೇ ವಿಚಾರಣೆ ನಡೆಸಿ ತೀರ್ಪು ನೀಡಲು ಅವಕಾಶ ಕಲ್ಪಿಸಿದೆ. ಇಂಥ ಅವಕಾಶ ವೀರಪ್ಪನ್ ಕಾಲದಲ್ಲಿ ಇರಲಿಲ್ಲ. ಆರೋಪಿ ಸತ್ತರೆ ಅವನ ಮೇಲಿನ ವಿಚಾರಣೆ ಅಲ್ಲಿಗೇ ನಿಲ್ಲುತ್ತದೆ. ಹೀಗಾಗಿಯೇ ಶ್ರೀನಿವಾಸ್, ಹರಿಕೃಷ್ಣ, ನಾಗಪ್ಪ ಅವರ ಹತ್ಯೆಗಳಿಗೆ ವೀರಪ್ಪನ್ ನ್ಯಾಯಾಲಯದಲ್ಲಿ ಉತ್ತರಿಸಲಿಲ್ಲ.

ಸದ್ದಿಲ್ಲದ ಹುಡುಕಾಟ

ಕಾಲ ಎಷ್ಟೇ ಕಳೆದರೂ ಕಡತ ಮುಚ್ಚುವುದಿಲ್ಲ ಎಂಬುದಕ್ಕೆ ಜಿಲ್ಲೆಯಲ್ಲೇ ಉದಾಹರಣೆಯಿದೆ. 1990ರ ದಶಕದ ವೀರಪ್ಪನ್ ತಂಡದ ಪ್ರಕರಣಗಳಲ್ಲಿ ಆರೋಪಿಯಾಗಿ ಸುಮಾರು 27 ವರ್ಷ ಪತ್ತೆಯಾಗದಿದ್ದ ಮಹಿಳೆಯೊಬ್ಬರನ್ನು ಜಿಲ್ಲಾ ಪೊಲೀಸರು 2020ರ ಫೆಬ್ರವರಿಯಲ್ಲಿ ಬಂಧಿಸಿದರು. ಅದಕ್ಕೂ ಒಂದು ತಿಂಗಳ ಮೊದಲು, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ನಡೆದ ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆಯ ಪ್ರಕರಣದಲ್ಲಿ ತಲೆಮರೆಸಿಕೊಂಡಿದ್ದ ಆರೋಪಿಯೊಬ್ಬನನ್ನು ವಿಶೇಷ ತನಿಖಾ ತಂಡ ದೂರದ ಜಾರ್ಖಂಡ್‌ನಲ್ಲಿ ಪತ್ತೆ ಹಚ್ಚಿತ್ತು.

ಇನ್ನೊಂದೆಡೆ, ಅನುಮಾನವನ್ನೇ ಸತ್ಯವೆಂದು ನಂಬಿದರೆ ಏನಾಗುತ್ತದೆ ಎಂಬುದನ್ನೂ ರಾಜ್ಯ ಕಂಡಿದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಮೊಬೈಲ್ ಸಂದೇಶ ನಂಬಿದ ಗುಂಪೊಂದು ಮಕ್ಕಳ ಕಳ್ಳರೆಂದು ಭಾವಿಸಿ ನಡೆಸಿದ ಹಲ್ಲೆಯಲ್ಲಿ ಅಮಾಯಕ ಯುವಕನೊಬ್ಬ ಜೀವ ಕಳೆದುಕೊಂಡ. ಅಪರಿಚಿತರೆಂಬುದೇ ಅವನ ಹಾಗೂ ಅವನ ಗೆಳೆಯರ ಅಪರಾಧವಾಗಿತ್ತು.

ತಲೆಮರೆಸಿಕೊಂಡವನ ಬಗ್ಗೆ ಏನಾದರೂ ತಿಳಿದವರು ಹೇಳಬೇಕಾದ ಜಾಗ ಪೊಲೀಸ್ ಠಾಣೆ. ಅಲ್ಲಿ ಹೇಳಿದ ಮಾತು ಪರಿಶೀಲನೆಗೆ ಒಳಪಡುತ್ತದೆ. ಸಂತೆಯಲ್ಲಿ ಹೇಳಿದ್ದು ಬೆಳೆಯುತ್ತಾ ಹೋಗಿ ಯಾರದೋ ಮನೆಯ ಬಾಗಿಲು ಬಡಿಯುತ್ತದೆ. ಗೋಪಿನಾಥಂ, ಮೀಣ್ಯಂ, ಕಾಮಗೆರೆಗಳ ಹೆಸರು ಇಂದು ದಿನಪತ್ರಿಕೆಯ ಮುಖಪುಟದಲ್ಲಿ ಕಾಣುವುದು ಅಪರೂಪ. ಆದರೆ ಗಾಳಿಸುದ್ದಿಗೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಆ ಊರುಗಳ ಜನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.